ಓಡುವಾಗ ಆ ಅಂಕಿ ಇಳಿಯಲೇಬೇಕು

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಓಡುತ್ತೇನೆ. ಮಗಳು ಕೊಡಿಸಿದ ವಾಚು ಎಚ್‌ಆರ್‌ವಿ ಅಂತ ಒಂದು ಅಂಕಿ ತೋರಿಸುತ್ತದೆ. ಎದ್ದಾಗ 38 ಇದ್ದದ್ದು ಓಡುವಾಗ 5ಕ್ಕೆ ಬರುತ್ತದೆ, ಒಮ್ಮೊಮ್ಮೆ ಇದ್ದಕ್ಕಿದ್ದಂತೆ 90 ಅನ್ನುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಂತೆ. ನನ್ನ ಹೃದಯಕ್ಕೇನಾದರೂ ಆಗಿದೆಯಾ?
– ಓದುಗರು, ಜಯನಗರ

ಉತ್ತರ: ಓಟ ನಿಲ್ಲಿಸಬೇಡಿ. 5ಕ್ಕೆ ಇಳಿಯುವುದು ಸಹಜ. ನನಗೆ ಅನುಮಾನ ಇರುವುದು ಆ 90ರ ಮೇಲೆ.

ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 60 ಇದ್ದರೂ ಬಡಿತಗಳು ಸರಿಯಾಗಿ ಸೆಕೆಂಡಿಗೊಂದರಂತೆ ಬರುವುದಿಲ್ಲ. ಒಂದು ಅಂತರ 940 ಮಿಲಿಸೆಕೆಂಡ್, ಮುಂದಿನದು 1010, ಅದರ ಮುಂದಿನದು 980. ಈ ಏರುಪೇರಿನ ಅಳತೆಯೇ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ). ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ದೀರ್ಘ ಉಸಿರಾಡಿ ನೋಡಿ: ಉಸಿರು ಎಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ತಗ್ಗುತ್ತದೆ. ಇದು ಬಹುಮಟ್ಟಿಗೆ ವೇಗಸ್ ನರದ ಕೆಲಸ. ಹೃದಯಕ್ಕೆ ಅದೇ ಬ್ರೇಕು. ಓಡಲು ಶುರು ಮಾಡಿದೊಡನೆ ದೇಹ ಮೊದಲು ಆ ಬ್ರೇಕನ್ನೇ ಸಡಿಲಿಸುತ್ತದೆ. ನಾಡಿ 150 ಮುಟ್ಟಿದಾಗ ಅಂತರಗಳು 400, 398, 401 ಅಂತ ಹೆಚ್ಚುಕಡಿಮೆ ಒಂದೇ ಸಮ. ಅಂಕಿ ಇಳಿಯದೆ ಇನ್ನೇನಾಗುತ್ತದೆ?

ಇನ್ನು 90. ವಾಚಿನ ಹಸಿರು ಬೆಳಕು ನೋಡುವುದು ಚರ್ಮದಡಿಯ ರಕ್ತದ ಹರಿವನ್ನು. ಕೈ ಬೀಸಿದಾಗ, ಪಟ್ಟಿ ಸಡಿಲವಿದ್ದಾಗ ಒಂದು ಬಡಿತ ಅದರ ಕಣ್ತಪ್ಪಿದರೆ 400ರ ಜಾಗದಲ್ಲಿ 800 ಅಂತ ಲೆಕ್ಕ ಹಾಕುತ್ತದೆ. ಅಷ್ಟೇ ಸಾಕು, ಅಂಕಿ ಹಾರುತ್ತದೆ. ನಿಜವಾಗಿ ಬಡಿತ ತಪ್ಪಿದರೂ ಹೀಗೇ ಕಾಣಬಹುದು. ಆದ್ದರಿಂದ ಓಡುವಾಗ ಎದೆ ಹಿಡಿದುಕೊಂಡಂತಾದರೆ, ತಲೆ ಸುತ್ತಿದರೆ, ಎದೆ ದಡಬಡ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಅವತ್ತೇ ಇಸಿಜಿ ಮಾಡಿಸಿ. ಇದರಲ್ಲಿ ವಾಚಿನ ಮಾತು ಕೇಳಬೇಡಿ.

ಓಡುತ್ತಲೇ ಅಳೆಯಬೇಕೆಂದಿದ್ದರೆ ಎದೆಪಟ್ಟಿ ಕೊಳ್ಳಿ. ಒಳಬದಿಯ ಎರಡು ಪ್ಯಾಡುಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಯ ಕೆಳಗೆ ಬಿಗಿಯಾಗಿ ಕಟ್ಟಬೇಕು. ಅದು ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನೇ. ವ್ಯಾಯಾಮದ ನಡುವೆ ಅಳೆಯುವವರು ಈಚೆಗೆ ಬಡಿತದ ಅಂತರಗಳಿಂದಲೇ ಹಾಕುವ ಡಿಎಫ್‌ಎ ಆಲ್ಫಾ 1 ಎಂಬ ಬೇರೆ ಲೆಕ್ಕವನ್ನೂ ನೋಡುತ್ತಾರೆ. ಹಗುರ ಓಟದಲ್ಲಿ ಅದು 1ರ ಆಸುಪಾಸು, 0.75ಕ್ಕೆ ಬಂದರೆ ಆರಾಮದ ಓಟ ಮುಗಿಯಿತು ಅಂತ ಎಣಿಸುತ್ತಾರೆ. ಆದರೆ ಆ ಗೆರೆ ಎಲ್ಲರಿಗೂ ಒಂದೇ ಅಲ್ಲ. ಓಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡುತ್ತೀರಾ? ನಿಮ್ಮ ಓಟಕ್ಕೆ ಆ ಪರೀಕ್ಷೆಯೇ ಸಾಕು ಅಂತ ನನ್ನ ಅಭಿಪ್ರಾಯ.

ನೀವು ನಂಬಬೇಕಾದದ್ದು ಎದ್ದಾಗಿನ ಅಂಕಿಯನ್ನು. ಕಾಫಿಗೆ ಮುಂಚೆ, ದಿನಾ ಒಂದೇ ಭಂಗಿಯಲ್ಲಿ ಅಳೆದು ವಾರದ ಸರಾಸರಿ ನೋಡಿ. ಮಗಳ ಅಂಕಿಯ ಜೊತೆ ಹೋಲಿಸಬೇಡಿ, ವಯಸ್ಸಾದಂತೆ ಇದು ಇಳಿಯುತ್ತದೆ. ನಿದ್ದೆಗೆಟ್ಟರೆ, ಜ್ವರ ಬಂದರೆ, ಕುಡಿದರೆ ಕೂಡ ಇಳಿಯುತ್ತದೆ. ಕೆಲವು ದಿನ ಕಡಿಮೆಯೇ ಇದ್ದು ಮೈಯೂ ಭಾರವಾಗಿದ್ದರೆ ಓಡಬೇಡಿ, ನಡೆಯಿರಿ.

ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ನೀವು ಬರೆದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ನಾಡಿಯನ್ನೂ ಈ ಅಂಕಿಯನ್ನೂ ಬದಲಿಸುತ್ತವೆ. ತೆಗೆದುಕೊಳ್ಳುತ್ತಿದ್ದರೆ ಹೆಸರು, ಪ್ರಮಾಣ ಬರೆದು ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.