ಅಪ್ಪನ ದೋಣಿಯನ್ನು ಮಾರಬಹುದೇ?

ಪ್ರಶ್ನೆ: ತೀರಿಕೊಂಡ ನನ್ನ ಅಪ್ಪ ಜೀವಮಾನವಿಡೀ ದುಡಿದ ಮರದ ನಾಡದೋಣಿ ಗಂಗೊಳ್ಳಿಯಲ್ಲಿ ಎರಡು ವರ್ಷಗಳಿಂದ ದಡದಲ್ಲೇ ಇದೆ. ನಾನು ಬೆಂಗಳೂರಿನಲ್ಲಿದ್ದೇನೆ. ಊರಿನ ಮೀನುಗಾರರೊಬ್ಬರು ಕೊಳ್ಳಲು ಸಿದ್ಧರಿದ್ದಾರೆ, ಅಮ್ಮನೂ ಒಪ್ಪಿದ್ದಾರೆ. ಆದರೆ ಅಪ್ಪನನ್ನೇ ಮಾರಿದಂತಾಗುತ್ತದೆ ಎಂಬ ಸಂಕಟ ಬಿಡುತ್ತಿಲ್ಲ.

ಉತ್ತರ: ನಿಮ್ಮ ಸಂಕಟ ಸಹಜವಾದುದು; ಮನೆಯ ಅನ್ನ, ನಿಮ್ಮ ಶಾಲೆಯ ಖರ್ಚು ಎಲ್ಲವೂ ಬಂದದ್ದು ಆ ದೋಣಿಯಿಂದಲೇ ಆಗಿರುವಾಗ ಅದನ್ನು ಬರೀ ಮರವೆಂದು ನೋಡಲು ಯಾರಿಗೂ ಆಗದು. ಆದರೆ ಮರದ ದೋಣಿ ನೀರಿಗಿಳಿಯದೆ ಉಳಿದಷ್ಟೂ ಬಿಸಿಲಿಗೆ ಹಲಗೆಗಳು ಒಣಗಿ ಸಂದು ಬಿಡುತ್ತವೆ, ಮಳೆನೀರು ನಿಂತಲ್ಲಿ ಕೊಳೆಯುತ್ತದೆ, ವರ್ಷವರ್ಷವೂ ಎಣ್ಣೆ ಹಚ್ಚುವವರಿಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಅಪ್ಪ ಜೋಪಾನ ಮಾಡಿದ ದೋಣಿ ಕಣ್ಣೆದುರೇ ಹಾಳಾಗುವುದಕ್ಕಿಂತ, ಅದೇ ಕಡಲನ್ನು ಬಲ್ಲವರ ಕೈಸೇರುವುದೇ ಮೇಲೆಂದು ನನ್ನ ಖಚಿತ ಅಭಿಪ್ರಾಯ.

ಅಪ್ಪನ ಅಂಗೈ ಸವೆಸಿದ ಹುಟ್ಟನ್ನು ಮಾತ್ರ ಕೊಡಬೇಡಿ, ಅದು ಮನೆಯಲ್ಲಿರಲಿ. ದೋಣಿಯ ಹೆಸರನ್ನು ಉಳಿಸಿಕೊಳ್ಳುವಿರಾ ಎಂದು ಕೊಳ್ಳುವವರನ್ನು ಕೇಳಬಹುದು, ಆದರೆ ಅದನ್ನು ಷರತ್ತಾಗಿಸುವುದು ಸರಿಯಲ್ಲ. ಒಪ್ಪಿಸುವ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿ, ಹೂವಿಟ್ಟು ಕಾಯಿ ಒಡೆದು, ಸಾಧ್ಯವಾದರೆ ಅವರೊಡನೆ ಒಮ್ಮೆ ಅಳಿವೆಯವರೆಗೆ ಹೋಗಿ ಬನ್ನಿ. ಅತ್ತರೆ ಅಳಿ, ಸಂಕೋಚ ಬೇಡ.

ಇನ್ನು ಕಾಗದಪತ್ರಗಳ ವಿಷಯ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ದೋಣಿಗೆ ನೋಂದಣಿ ಇರಬೇಕಾದ್ದರಿಂದ, ಅಪ್ಪನ ಹೆಸರಿನಲ್ಲಿರುವ ದಾಖಲೆಯನ್ನು ಮೀನುಗಾರಿಕೆ ಇಲಾಖೆಯಲ್ಲಿ ಸರಿಪಡಿಸಿಕೊಂಡ ನಂತರವೇ ಹಣ ಪಡೆಯಿರಿ.