ದ್ರಾಕ್ಷಿ ತೋಟದ ಲೆಕ್ಕ ಇಡುವ ಮುಕ್ತ ತಂತ್ರಾಂಶಕ್ಕೆ ರೊಕ್ಕ ಎಲ್ಲಿಂದ ತರುವುದು?

ದ್ರಾಕ್ಷಿಗೆ ಔಷಧಿ ಹೊಡೆದ ಲೆಕ್ಕ ಇಡುವ ಮುಕ್ತ ತಂತ್ರಾಂಶ (ಕೋಡ್ ಎಲ್ಲರಿಗೂ ತೆರೆದಿಟ್ಟದ್ದು) ಮಾಡಿದ್ದೇನೆ, ದೇಣಿಗೆ ಬಟನ್ ಹಾಕಿದರೂ ವಿಜಯಪುರದ ರೈತರು ಯಾರೂ ಒತ್ತುತ್ತಿಲ್ಲ, ಬೇರೆ ದಾರಿ ಏನು ಅಂತ ಕೇಳಿದ್ದೀರಿ. ಬಟನ್ ಇರಲಿ ಬಿಡ್ರಿ, ಅದನ್ನೇ ನಂಬಿ ಕೂಡಬೇಡಿ. ಕೋಡ್ ಹಂಚಿ, ಕೆಲಸಕ್ಕೆ ಬಿಲ್ ಮಾಡಿ.

ನಾನು ಬೆಳಗಾವಿಯ ಉದ್ಯಮಬಾಗದ ಸಣ್ಣ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ತಂತ್ರಾಂಶ ಹಾಕಿಕೊಡುತ್ತೇನೆ. ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಕಿಕೊಡಲು, ಹಳೆ ಎಕ್ಸೆಲ್ ಲೆಕ್ಕ ತುಂಬಲು, ವರ್ಷದ ಎಎಂಸಿಗೆ, ಅಂದರೆ ನಿರ್ವಹಣೆಗೆ, ದುಡ್ಡು. ಇಲ್ಲಿ ಕಾಸ್ಟಿಂಗ್ (ಎರಕದ ಮಾಲು) ಜಾಬ್‌ವರ್ಕ್‌ಗೆ, ಅಂದರೆ ಬೇರೆಯವರ ಕೈಲಿ ಕೆಲಸ ಮಾಡಿಸಲು, ಹೊರಗೆ ಹೋದರೆ ಜಿಎಸ್‌ಟಿ ಪ್ರಕಾರ ಚಲನ್ ಮೇಲೆ ಹೋಗಬೇಕು, ವರ್ಷದೊಳಗೆ ತಿರುಗಿ ಬರಬೇಕು. ಆ ಲೆಕ್ಕ ನಮ್ಮ ತಂತ್ರಾಂಶದಲ್ಲಿರಲಿಲ್ಲ. ನಾಲ್ಕೈದು ಮಾಲೀಕರು ಖರ್ಚು ಹಂಚಿಕೊಂಡು ಮಾಡಿಸಿದರು. "ನಾ ರೊಕ್ಕ ಕೊಟ್ಟದ್ದು ಬಾಜೂ ಶೆಡ್ಡಿನವಗ ಪುಕ್ಕಟೆ ಯಾಕ್ರೀ?" ಅಂತ ಒಬ್ಬರು ಕೇಳಿಯೇ ಕೇಳಿದರು. "ನಿಮ್ಮ ಚಲನ್ ನಮೂನೆದಾಗ ಮಾಡತೀನ್ರಿ, ಮೊದಲ ನಿಮ್ಮಲ್ಲೇ ಓಡತೈತಿ" ಅಂದೆ, ಒಪ್ಪಿದರು. ಫೋನ್ ಮಾಡಿದಾಗ ಬರುವ ಮನುಷ್ಯ ಇದ್ದರೆ ಅವರಿಗೆ ಸಾಕು.

ಇದರಲ್ಲಿ ಸಂಕೋಚ ಬೇಡ. ಮುಕ್ತ ತಂತ್ರಾಂಶಕ್ಕೆ ಹಾಕುವ ಜಿಪಿಎಲ್ ಎಂಬ ಲೈಸೆನ್ಸ್ ಮಾರಾಟವನ್ನು ತಡೆಯುವುದಿಲ್ಲ. ಆ ಲೈಸೆನ್ಸ್ ಬರೆದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಈಮ್ಯಾಕ್ಸ್ ಎಂಬ ಬರಹದ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು.

ನಿಮ್ಮ ವಿಷಯಕ್ಕೆ ಬಂದರೆ, ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಔಷಧಿ ಅಂಗಡಿಗೇ ಸಾಕಷ್ಟು ಸುರಿದಿರುವ ರೈತ ನಿಮಗೇಕೆ ಕೊಟ್ಟಾನು? ಯುರೋಪಿಗೆ ಹಣ್ಣು ಕಳಿಸುವವರನ್ನು ಹಿಡಿಯಿರಿ. ಅಲ್ಲಿ ಔಷಧಿಯ ಉಳಿಕೆ ಮಿತಿ ಮೀರಿದರೆ ಮಾಲು ನಿಲ್ಲುತ್ತದೆ, ಹಾಗಾಗಿ ಯಾವ ಪ್ಲಾಟಿಗೆ ಯಾವ ದಿನ ಏನು ಹೊಡೆದರು ಎಂಬ ದಾಖಲೆ ಅವರಿಗೇ ಹೆಚ್ಚು ಬೇಕು. ತಾವು ಹಣ್ಣು ಖರೀದಿಸುವ ತೋಟಗಳಿಗೆಲ್ಲ ನಿಮ್ಮ ತಂತ್ರಾಂಶ ಹಾಕಿಸಿ, ಹುಡುಗರಿಗೆ ಕಲಿಸಲು ಅವರು ದುಡ್ಡು ಕೊಡಬಹುದು. ಬರೀ ಒಣದ್ರಾಕ್ಷಿ ಮಾಡುವವರ ಬೆನ್ನು ಹತ್ತಬೇಡಿ, ಸದ್ಯಕ್ಕೆ.

ದೊಡ್ಡ ಅನುದಾನಗಳೂ ಇವೆ. ಷೇರು ದಲ್ಲಾಳಿ ಕಂಪನಿ ಝೆರೋಧಾ ಮುಕ್ತ ತಂತ್ರಾಂಶಗಳಿಗಾಗಿ 2024ರಲ್ಲಿ ಶುರು ಮಾಡಿದ ಫ್ಲಾಸ್ ಫಂಡ್ ಒಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಆದರೆ ಈಗಾಗಲೇ ಬಹಳ ಜನ ಬಳಸುತ್ತಿರುವ ಯೋಜನೆಗಳಿಗೆ. 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ 2002ರಲ್ಲಿ ಏಳು ವಾರದಲ್ಲಿ 1 ಲಕ್ಷ ಯೂರೋ ಎತ್ತಿ, ಮುಚ್ಚಿದ ಕಂಪನಿಯ ಕೈಯಿಂದ ಕೋಡನ್ನು ಬಿಡಿಸಿಕೊಂಡಿತಲ್ಲ, ಅದಕ್ಕೂ ಬಳಸುವವರ ದಂಡು ಮೊದಲೇ ಇತ್ತು. ನಿಮಗೆ ಇನ್ನೂ ಆ ಹೊತ್ತು ಬಂದಿಲ್ಲ ಅನ್ನಿಸುತ್ತದೆ.

ವಿದೇಶಿ ರೊಕ್ಕದ ಬಗ್ಗೆ ಮಾತ್ರ ಹುಷಾರು. ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿ ಹೊರದೇಶದ ದೇಣಿಗೆ ತೆಗೆದುಕೊಳ್ಳಲು 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಮಾಡಿದ ಕೆಲಸಕ್ಕೆ ಬಿಲ್ ಕೊಟ್ಟು ವ್ಯವಹಾರವಾಗಿ ಪಡೆಯುವ ಹಣದ ಲೆಕ್ಕ ಬೇರೆ. ಗೆಳೆಯರೆಲ್ಲ ಸೇರಿ ಟ್ರಸ್ಟ್ ಮಾಡೋಣ ಅಂತಿದ್ದರೆ ಮೊದಲು ಒಬ್ಬ ಸಿಎ ಹತ್ತಿರ ಹೋಗಿ ಬನ್ನಿ.