ಹೊಸ ಕಾರಿಗೆ ಹಳೆಯ ಮುಖ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಪ್ಪತ್ತರ ದಶಕದಲ್ಲಿ ಅಮೆರಿಕದ ಬಂಪರ್ ನಿಯಮಗಳು ಬಿಗಿಯಾದವು. ಅಲ್ಲಿ ಮಾರಾಟವಾಗುತ್ತಿದ್ದ ಸ್ಪೋರ್ಟ್ಸ್ ಕಾರುಗಳು ಒಂದೊಂದಾಗಿ ದಪ್ಪ ಬಂಪರ್ ತೊಟ್ಟವು. ತೆಳು ಕ್ರೋಮ್ ಬಂಪರಿನ ಮೊದಲ ರೂಪವೇ ಚೆಂದ ಎನ್ನುವ ಅನೇಕರು ಆಮೇಲಿನ ಕಾರನ್ನು ಕೊಂಡು ಅದಕ್ಕೆ ಹಳೆಯ ಮುಖ ಕೂರಿಸುತ್ತಾರೆ. ಈ ಬಾರಿ ಆ ಕುರಿತ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 1978ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರು. ಕಪ್ಪು ಬಂಪರ್ ತೆಗೆದು ಹಳೆಯ ಮಾದರಿಯ ಕ್ರೋಮ್ ಬಂಪರ್, ಗ್ರಿಲ್ ಹಾಕಬೇಕೆಂದಿದ್ದೇನೆ. ಇವೆರಡನ್ನು ಕೊಂಡರೆ ಸ್ಪ್ಯಾನರ್ ಹಿಡಿದು ನಾನೇ ಬದಲಿಸಿಕೊಳ್ಳಬಹುದೇ?

ಉತ್ತರ: ಬರೀ ಸ್ಪ್ಯಾನರ್‌ನಿಂದ ಮುಗಿಯುವ ಕೆಲಸ ಇದಲ್ಲ. ಕಪ್ಪು ಪಾಲಿಯುರೆಥೇನ್ ಬಂಪರ್ ಬಿಚ್ಚಿದ ಕೂಡಲೇ ಅದರ ಹಿಂದೆ ಕಾರಿನ ಮೈ ಪೂರ್ತಿ ಇಲ್ಲವೆಂಬುದು ಕಾಣುತ್ತದೆ. 1974ರ ಕೊನೆಯ ಹೊತ್ತಿಗೆ ಈ ಬಂಪರ್ ಬಂದಾಗ, ಅದು ಮುಚ್ಚುವ ಕಡೆಯೆಲ್ಲ ತಗಡಿನ ಆಕಾರವನ್ನೂ ಬದಲಿಸಿದರು. ಇಂಡಿಕೇಟರ್ ಬಂಪರಿಗೆ ಹೋದದ್ದರಿಂದ ಹೆಡ್‌ಲೈಟಿನ ಕೆಳಗೆ ದೀಪ ಕೂರುವ ಜಾಗವೇ ಮಡ್‌ಗಾರ್ಡ್‌ನಲ್ಲಿಲ್ಲ. ಹಿಂದಿನ ಮಡ್‌ಗಾರ್ಡ್‌ಗಳ ಕೆಳಮೂಲೆ ಮೊಟಕಾಗಿದೆ. ಬಂಪರಿನ ಭಾರ ಹೊರುವ ದಪ್ಪ ಬ್ರಾಕೆಟ್‌ಗಳು ಹೊರಗೆ ಚಾಚಿಕೊಂಡಿವೆ. ಅವನ್ನು ಕತ್ತರಿಸದೆ ತೆಳು ಬಂಪರ್ ಮೈಗೆ ಹತ್ತಿರ ಕೂರುವುದಿಲ್ಲ. ಆದ್ದರಿಂದ ಇದು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ; ಬಂಪರ್ ಬಿಗಿಯುವುದು ಕೊನೆಯ ಅರ್ಧ ದಿನದ ಮಾತು.

ಬೇಕಾಗುವುದು ಇಷ್ಟು: ಮುಂದಿನ ಮತ್ತು ಹಿಂದಿನ ಬಂಪರ್, ಅವನ್ನು ಮೈಗೆ ಹಿಡಿಸುವ ಪಟ್ಟಿ ಕಬ್ಬಿಣಗಳು, ನಾಲ್ಕು ಓವರ್‌ರೈಡರ್ (ಬಂಪರಿನ ಮೇಲೆ ನಿಲ್ಲುವ ಕೊಂಬುಗಳು), ಗ್ರಿಲ್ ಮತ್ತು ಅದರ ಬ್ರಾಕೆಟ್‌ಗಳು, ಬಂಪರಿನ ಕೆಳಗೆ ಬರುವ ವೇಲೆನ್ಸ್ ಎಂಬ ಮುಂದಿನ ತಗಡು, ಮುಂದಿನ ಎಡ ಬಲದ ಇಂಡಿಕೇಟರ್-ಪಾರ್ಕಿಂಗ್ ದೀಪಗಳು, ಮುಂದಿನ ಮಡ್‌ಗಾರ್ಡ್ ಒಂದು ಜೊತೆ, ಹಿಂದಿನ ಮಡ್‌ಗಾರ್ಡ್‌ಗಳ ಕೆಳಮೂಲೆಯ ರಿಪೇರಿ ತುಂಡುಗಳು, ನಂಬರ್ ಪ್ಲೇಟ್ ದೀಪಗಳು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಪ್ಪು ಬಂಪರಿನ ಜೊತೆ ಆ ದೀಪವೂ ಹೋಗುತ್ತದೆ. ಕ್ರೋಮ್ ಬಂಪರಿನ ಕಾರುಗಳಲ್ಲಿ ಅದು ಓವರ್‌ರೈಡರಿನ ಒಳಮಗ್ಗುಲಲ್ಲಿ ಕೂರುತ್ತದೆ.

ಮುಂದಿನ ಮಡ್‌ಗಾರ್ಡ್‌ಗೂ ರಿಪೇರಿ ತುಂಡು ಸಿಗುತ್ತದೆ, ಅಗ್ಗವೂ ಹೌದು. ಆದರೂ ಇಡೀ ಮಡ್‌ಗಾರ್ಡ್ ಕೊಳ್ಳಿ ಎನ್ನುವುದು ನಮ್ಮ ಸಲಹೆ. ಅದು ಬೋಲ್ಟ್ ಮೇಲೆ ನಿಲ್ಲುವ ಭಾಗ, ಬಿಚ್ಚಿ ಬದಲಿಸಬಹುದು. ದೀಪ ಕೂರುವ ಕಡೆ ತಗಡು ಎರಡು ದಿಕ್ಕಿಗೂ ಬಾಗಿರುತ್ತದೆ. ಅಲ್ಲಿ ವೆಲ್ಡ್ ಮಾಡಿದರೆ ಕಾವಿಗೆ ಸೊಟ್ಟಗಾಗಿ, ಅದನ್ನು ಮುಚ್ಚಲು ಪುಟ್ಟಿ ದಪ್ಪವಾಗುತ್ತಾ ಹೋಗುತ್ತದೆ. ಪುಟ್ಟಿ 3 ಮಿ.ಮೀ. ದಾಟಿದರೆ ಕೆಲವು ವರ್ಷಗಳಲ್ಲಿ ಬಿರುಕು ನಿಶ್ಚಿತ. ಹಿಂದಿನ ಮಡ್‌ಗಾರ್ಡ್ ದೇಹಕ್ಕೇ ಬೆಸೆದಿರುವುದರಿಂದ ಅಲ್ಲಿ ತುಂಡು ಹಾಕದೆ ದಾರಿಯಿಲ್ಲ. ಒಂದೇ ಸಮ ಎಳೆಯದೆ 10–15 ಮಿ.ಮೀ. ಉದ್ದದ ಚಿಕ್ಕ ವೆಲ್ಡ್ ಹಾಕಿ, ಇನ್ನೊಂದು ತುದಿಗೆ ಹೋಗಿ, ಮೊದಲಿನದು ಕೈ ಮುಟ್ಟುವಷ್ಟು ಆರಿದ ಮೇಲೆ ಮರಳಿ ಬನ್ನಿ.

ಬ್ರಾಕೆಟ್ ಕತ್ತರಿಸಿದ ಮೇಲೆ ಹೊಸ ಮಡ್‌ಗಾರ್ಡ್, ವೇಲೆನ್ಸ್, ಗ್ರಿಲ್, ಬಂಪರ್ ಎಲ್ಲವನ್ನೂ ಬಣ್ಣವಿಲ್ಲದೆ ಸಡಿಲವಾಗಿ ಜೋಡಿಸಿ ನೋಡಿ. ಬಂಪರಿನ ಮೇಲಂಚಿಗೂ ಮೈಗೂ ನಡುವಿನ ಸಂದು ಎಡಕ್ಕೆ ಬಲಕ್ಕೆ ಒಂದೇ ಇರಬೇಕು. ಇಲ್ಲದಿದ್ದರೆ ಪಟ್ಟಿ ಕಬ್ಬಿಣದ ರಂಧ್ರವನ್ನು ಈಗಲೇ ಉದ್ದ ಮಾಡಿಕೊಳ್ಳಿ. ಬಣ್ಣ ಬಳಿದ ಮೇಲೆ ಅರ ಹಿಡಿಯುವುದು ಬೇಡ.

ಗ್ರಿಲ್ ಆರಿಸುವಾಗ ಒಂದು ವರ್ಷಕ್ಕೆ ಅಂಟಿಕೊಳ್ಳಿ. 1962ರಿಂದ 1969ರವರೆಗಿನದು ನಿಂತ ಪಟ್ಟಿಗಳ ಕ್ರೋಮ್ ಗ್ರಿಲ್, ನಂತರದ್ದು ಒಳಗೆ ಸರಿದ ಕಪ್ಪು ಗ್ರಿಲ್, 1972ರ ಕೊನೆಯಿಂದ ಕ್ರೋಮ್ ಚೌಕಟ್ಟಿನೊಳಗೆ ಕಪ್ಪು ಜಾಲರಿ. ನಿಮ್ಮ ಕಾರಿನ ಒಳಾಂಗಣ ಕೊನೆಯ ಕಾಲದ್ದು. ಹಾಗಾಗಿ ಜಾಲರಿ ಗ್ರಿಲ್ ಅದಕ್ಕೆ ಹೆಚ್ಚು ಒಪ್ಪುತ್ತದೆ. 1962ರ ಗ್ರಿಲ್ ಹಾಕಿ ಬಾಗಿಲು ತೆರೆದರೆ ಎರಡು ಕಾಲದ ಕಾರು ಒಂದರೊಳಗೊಂದು ಕೂತಂತೆ ಕಾಣುತ್ತದೆ.

ಕೆಲಸ ಮುಗಿದು ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ದೀಪ ಮಂಕಾಗಿ ಮಿಣುಕಿದರೆ, ಅಥವಾ ಫ್ಲಾಶರ್ ಲಯ ತಪ್ಪಿದರೆ, ಮೊದಲು ಅರ್ಥಿಂಗ್ ನೋಡಿ. ಹೊಸ ಬಣ್ಣದ ಮೇಲೆ ಕೂತ ದೀಪಕ್ಕೆ ಲೋಹದ ಸಂಪರ್ಕವಿರುವುದಿಲ್ಲ. ಎರಡೂ ದೀಪಗಳಿಂದ ಬೇರೆ ತಂತಿ ಎಳೆದು ದೇಹದ ಬೋಲ್ಟ್‌ಗೆ ಕಟ್ಟಿಬಿಡಿ.

ಪ್ರಶ್ನೆ: ಕ್ರೋಮ್ ಬಂಪರ್ ಹಾಕಿಸಿ ಆಯಿತು. ಆದರೂ ನನ್ನ ಎಂಜಿಬಿ ಹಳೆಯದರಂತೆ ಕಾಣುತ್ತಿಲ್ಲ, ಕಾಲು ಎತ್ತಿ ನಿಂತ ಹಾಗಿದೆ. ಯಾಕೆ?

ಉತ್ತರ: ಕಪ್ಪು ಬಂಪರ್ ಬಂದಾಗ ಕಾರನ್ನೂ ಸುಮಾರು ಒಂದರಿಂದ ಒಂದೂವರೆ ಇಂಚು ಎತ್ತರಿಸಿದರು, ಬಂಪರ್ ನಿಯಮದ ಎತ್ತರಕ್ಕೆ ಬರಲೆಂದು. ಹಳೆಯ ರೂಪದ ಅರ್ಧ ಪಾಲು ಇರುವುದೇ ಆ ತಗ್ಗಿನ ನಿಲುವಿನಲ್ಲಿ.

ಮೊದಲು ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಅಳತೆ, ಗಾಳಿ ಎಲ್ಲ ಸೇರಿ ಲೆಕ್ಕ ಕೆಡುತ್ತದೆ.

ಹಿಂದೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ನಡುವೆ ಒಂದು ಇಂಚಿನ ಬ್ಲಾಕ್ ಇಟ್ಟರೆ ಸಾಕು, ಆದರೆ ಯು-ಬೋಲ್ಟ್‌ಗಳೂ ಅಷ್ಟು ಹೆಚ್ಚು ಉದ್ದದವು ಬೇಕು. ಹಳೆಯದನ್ನೇ ಎಳೆದು ಬಿಗಿದರೆ ನಟ್ಟಿಗೆ ಸಾಕಷ್ಟು ಹಲ್ಲು ಸಿಗದೆ ಸಡಿಲವಾಗುತ್ತದೆ. ಸ್ಪ್ರಿಂಗ್ ಹಳೆಯದಾಗಿ ಜೋತಿದ್ದರೆ ಬ್ಲಾಕ್ ಬೇಡ, ಸರಿಯಾದ ಬಾಗಿನ ಹೊಸ ಸ್ಪ್ರಿಂಗ್ ಹಾಕಿ.

ಮುಂದೆ ಎರಡು ದಾರಿಗಳಿವೆ. ಹಳೆಯ ಕಾರಿನ ಕ್ರಾಸ್‌ಮೆಂಬರ್ (ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆ) ತಂದು ಕೂರಿಸುವುದು ಮೂಲಕ್ಕೆ ಹತ್ತಿರ. ಆದರೆ ಸ್ಟಿಯರಿಂಗ್ ರ‍್ಯಾಕ್ ನಿಲ್ಲುವ ಕೋನ ಬೇರೆಯಾದ್ದರಿಂದ ರ‍್ಯಾಕ್, ಕಾಲಂ ಎರಡನ್ನೂ ಹಳೆಯ ಕಾರಿನಿಂದಲೇ ತರಬೇಕಾಗುತ್ತದೆ. ಇಡೀ ಕಾರು ಬಿಚ್ಚಿಟ್ಟಿರುವವರಿಗೆ ಅದು ಸರಿ. ಉಳಿದವರಿಗೆ ಇದ್ದ ಕ್ರಾಸ್‌ಮೆಂಬರ್ ಉಳಿಸಿ ಗಿಡ್ಡ ಕಾಯಿಲ್ ಸ್ಪ್ರಿಂಗ್ ಹಾಕುವುದು ಸಾಕು. ಕಾರು ತಗ್ಗಿದಷ್ಟೂ, ಸಸ್ಪೆನ್ಷನ್ ಬಡಿಯದಂತೆ ತಡೆಯುವ ಬಂಪ್‌ಸ್ಟಾಪ್ ರಬ್ಬರಿಗೆ ಇರುವ ಎಡೆ ಕಡಿಮೆಯಾಗುತ್ತದೆ. ಸಣ್ಣ ಗುಂಡಿಗೂ ದಡ್ ಎಂದು ಬಡಿದರೆ ಕಾರಣ ಅದೇ. ಎಂಜಿಬಿಯ ಮುಂದೆ ಕುಲುಕು ತಗ್ಗಿಸುವ ಲಿವರ್ ಡ್ಯಾಂಪರಿನ ತೋಳೇ ಮೇಲಿನ ಸಸ್ಪೆನ್ಷನ್ ತೋಳು ಕೂಡ. ಹಾಗಾಗಿ ಎಣ್ಣೆ ಜಿನುಗುತ್ತಿದ್ದರೆ ಈ ಕೆಲಸದಲ್ಲೇ ಬದಲಿಸಿ.

ಹಿಂದಿನ ಸ್ಪ್ರಿಂಗಿನ ಬುಷ್ ಬೋಲ್ಟ್‌ಗಳನ್ನು ಕಾರು ಚಕ್ರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಿರಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಕಾರನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಸ್ವಲ್ಪ ಓಡಿಸಿ ಸ್ಪ್ರಿಂಗ್ ಕೂತ ನಂತರ ಅಲೈನ್‌ಮೆಂಟ್ ಮಾಡಿಸಿ: ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 1.5ರಿಂದ 2.4 ಮಿ.ಮೀ. ಹೆಡ್‌ಲೈಟ್ ಬೆಳಕಿನ ಎತ್ತರವನ್ನೂ ಸರಿಪಡಿಸಿ.

ನಿಮ್ಮದು 1975–76ರ ರೋಡ್‌ಸ್ಟರ್ ಆಗಿದ್ದರೆ ಇನ್ನೊಂದು ವಿಷಯ. ಕಾರನ್ನು ಎತ್ತರಿಸಿದ ಹೊತ್ತಿಗೇ ಅದರ ಮುಂದಿನ ಆಂಟಿ-ರೋಲ್ ಬಾರನ್ನೂ ತೆಗೆದುಬಿಟ್ಟಿದ್ದರು. ತಿರುವಿನಲ್ಲಿ ಅದು ಅತಿಯಾಗಿ ವಾಲುವುದು ಇದರಿಂದ. 1977ರ ಮಾದರಿಗೆ ಮುಂದೆಯೂ ಹಿಂದೆಯೂ ಬಾರ್ ಬಂತು. ತಗ್ಗಿಸುವ ಹಣದಲ್ಲಿ ಒಂದು ಪಾಲನ್ನು ಮುಂದಿನ ಆಂಟಿ-ರೋಲ್ ಬಾರ್‌ಗೆಂದು ಎತ್ತಿಡಿ.

ಪ್ರಶ್ನೆ: 1980ರ ಪೋರ್ಷೆ 911 ಎಸ್‌ಸಿ ಕಾರನ್ನು 1973ರ ಕ್ಯಾರೆರಾ ಆರ್‌ಎಸ್ ರೂಪಕ್ಕೆ ತರುವುದು ಎಷ್ಟು ದೊಡ್ಡ ಕೆಲಸ? ಬಂಪರ್ ಮತ್ತು ಡಕ್‌ಟೇಲ್ (ಹಿಂದಿನ ಮುಚ್ಚಳದಲ್ಲಿ ಬಾತುಕೋಳಿಯ ಬಾಲದಂತೆ ಎದ್ದ ಅಂಚು) ಸಾಕಲ್ಲವೇ?

ಉತ್ತರ: ಬಂಪರ್ ಬದಲಿಸಿದರೆ ಬಾನೆಟ್ ಬದಲಾಗಬೇಕು, ಬಾನೆಟ್ ಬದಲಿಸಿದರೆ ಮಡ್‌ಗಾರ್ಡ್ ಕೂಡ. 1974ರಿಂದ ದಪ್ಪ ಬಂಪರಿಗೆ ಜಾಗ ಬಿಡಲೆಂದು ಬಾನೆಟ್ಟಿನ ಮೂತಿಯನ್ನೇ ಗಿಡ್ಡ ಮಾಡಿದರು. 1973ರವರೆಗಿನ ಉದ್ದ ಬಾನೆಟ್ ಬೇಕೆಂದರೆ ಬಾನೆಟ್, ಎರಡು ಮುಂದಿನ ಮಡ್‌ಗಾರ್ಡ್, ಬಂಪರ್ ಮತ್ತು ಬಾನೆಟ್ ಲಾಕ್ ಕೂರುವ ಮುಂದಿನ ಅಡ್ಡ ತಗಡು, ಇವು ಒಂದು ಸೆಟ್ಟಾಗಿಯೇ ಬರಬೇಕು. ಮಡ್‌ಗಾರ್ಡ್ ಬೋಲ್ಟ್ ಮೇಲೆ ನಿಲ್ಲುತ್ತದೆ. ಅಡ್ಡ ತಗಡನ್ನು ಬೆಸೆಯಬೇಕು. ಅದು ಎರಡು ಮಿ.ಮೀ. ಓರೆಯಾದರೂ ಬಾನೆಟ್ಟಿನ ಸಂದಿನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಮಡ್‌ಗಾರ್ಡ್, ಬಾನೆಟ್ ಎರಡನ್ನೂ ಬಿಗಿದು, ಸುತ್ತಲೂ ಸುಮಾರು 4 ಮಿ.ಮೀ. ಸಂದು ಬರುವಂತೆ ಹೊಂದಿಸಿ, ಆಮೇಲೆ ಅಡ್ಡ ತಗಡಿಗೆ ಚುಕ್ಕೆ ವೆಲ್ಡ್ ಹಾಕಿ. ಬಾನೆಟ್ ಹತ್ತು ಸಲ ತೆರೆದು ಮುಚ್ಚಿ ನೋಡಿ, ನಂತರವೇ ಪೂರ್ತಿ ಬೆಸೆಯಿರಿ.

ಹಿಂದೆ ದೀಪಗಳ ನಡುವಿನ ಕೆಂಪು ರಿಫ್ಲೆಕ್ಟರ್ ತೆಗೆದರೆ ರಂಧ್ರಗಳು ಉಳಿಯುತ್ತವೆ, ಬಂಪರಿನ ಎರಡು ತುದಿಗಳಲ್ಲಿ ಮಡ್‌ಗಾರ್ಡ್ ಮೂಲೆಯ ಆಕಾರವೂ ಬೇರೆ. ಅಲ್ಲೂ ತುಂಡು ಬೆಸೆಯಬೇಕು.

ವೆಲ್ಡಿಂಗಿಗೆ ಮುಂಚೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1976ರ ಮಾದರಿಯಿಂದ 911ರ ದೇಹದ ತಗಡಿಗೆ ಎರಡೂ ಬದಿ ಸತುವಿನ ಲೇಪವಿದೆ. ಅದರ ಮೇಲೆಯೇ ವೆಲ್ಡ್ ಮಾಡಿದರೆ ಸತು ಆವಿಯಾಗಿ ವೆಲ್ಡ್ ತೂತುತೂತಾಗುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಬೆಸುಗೆಯ ಎರಡೂ ಪಕ್ಕ 20–25 ಮಿ.ಮೀ. ಅಗಲ ಲೇಪವನ್ನು ಉಜ್ಜಿ ತೆಗೆಯಿರಿ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಮುಗಿದ ಮೇಲೆ ಸತು ಬೆರೆತ ಪ್ರೈಮರ್ ಬಳಿದು, ಒಳಪೊಳ್ಳಿಗೆ ಮೇಣ ಸಿಂಪಡಿಸಿ. ಇದನ್ನು ಬಿಟ್ಟರೆ ಇಡೀ ಕಾರಿನಲ್ಲಿ ನೀವು ಮುಟ್ಟಿದ ಜಾಗ ಮಾತ್ರ ತುಕ್ಕು ಹಿಡಿಯುತ್ತದೆ.

ಡಕ್‌ಟೇಲ್ ವಿಷಯ: ನಿಮ್ಮ ಕಾರಿಗೆ ಎಸಿ ಇದ್ದರೆ ಅದರ ಒಂದು ಕಂಡೆನ್ಸರ್ (ಬಿಸಿ ಹೊರಹಾಕುವ ಭಾಗ) ಹಿಂಬದಿಯ ಎಂಜಿನ್ ಮುಚ್ಚಳದ ಕೆಳಗೇ ಇರುತ್ತದೆ. ಡಕ್‌ಟೇಲ್ ಮುಚ್ಚಳದಲ್ಲಿ ಅದಕ್ಕೆ ಜಾಗವಿಲ್ಲ. ಕಂಡೆನ್ಸರ್ ಬೇರೆ ಕಡೆ ಸಾಗಿಸುವುದೋ, ಎಸಿ ಬಿಡುವುದೋ ಮೊದಲೇ ತೀರ್ಮಾನಿಸಿ. ಎಂಜಿನ್ ಎಣ್ಣೆಯ ಕೂಲರ್ ಬಲಗಡೆಯ ಮುಂದಿನ ಮಡ್‌ಗಾರ್ಡ್ ಒಳಗಿದೆ. ಹೊಸ ಬಂಪರ್ ಅದರ ಗಾಳಿಯ ದಾರಿ ಮುಚ್ಚದಂತೆ ನೋಡಿಕೊಳ್ಳಿ.

ಚಕ್ರದ ಬಗ್ಗೆ ಚಿಂತೆ ಬೇಡ. ಆರ್‌ಎಸ್‌ನಲ್ಲಿ ಮುಂದೆ 6, ಹಿಂದೆ 7 ಇಂಚು ಅಗಲದ ಫುಕ್ಸ್ ಕಂಪನಿಯ 15 ಇಂಚಿನ ಚಕ್ರ, 185/70 ಮತ್ತು 215/60 ಟೈರ್. ಎಸ್‌ಸಿ ಕಾರಿನ 15 ಇಂಚಿನ ಫುಕ್ಸ್ ಅಳತೆಯೂ ಅದೇ. ಇದಕ್ಕಿಂತ ದೊಡ್ಡ ಚಕ್ರ ಹಾಕಿದರೆ ಮೇಲಿನ ಕೆಲಸವೆಲ್ಲ ನೀರುಪಾಲು.

ಇನ್ನೊಂದು ಮಾತನ್ನೂ ತೂಗಿ ನೋಡಿ. ಎಸ್‌ಸಿಯ ಬಂಪರ್ ನಿಧಾನದ ಡಿಕ್ಕಿಯನ್ನು ತಡೆಯಲೆಂದೇ ಮಾಡಿದ್ದು. ಪಾರ್ಕಿಂಗ್‌ನಲ್ಲಿ ಯಾರೋ ತಾಗಿಸಿದರೆ ಇನ್ನು ಮುಂದೆ ಬಾಗುವುದು ಕಾರಿನ ಮೈ.

ಇಷ್ಟೆಲ್ಲ ಬೇಡವೆಂದರೆ 1974ರ ಆರ್‌ಎಸ್‌ಆರ್ ರೇಸ್ ಕಾರಿನ ರೂಪ ನೋಡಿ. ಅದಕ್ಕೆ ಗಿಡ್ಡ ಬಾನೆಟ್ಟೇ ಇತ್ತು. ಆ ಬಗೆಯ ಫೈಬರ್ ಬಂಪರ್ ಹಾಕಿದರೆ ಬಾನೆಟ್, ಅಡ್ಡ ತಗಡು ಎರಡೂ ಉಳಿಯುತ್ತವೆ. ಮೊದಲ ಸಲ ಕೈ ಹಾಕುವವರಿಗೆ ನಾವು ಹೇಳುವುದು ಇದನ್ನೇ.

ಪ್ರಶ್ನೆ: ಫೈಬರ್ ಮಡ್‌ಗಾರ್ಡ್, ಬಾನೆಟ್ ಕೊಳ್ಳಲೋ, ತಗಡಿನದೋ?

ಉತ್ತರ: ಮಡ್‌ಗಾರ್ಡ್ ತಗಡಿನದಿರಲಿ, ಬಂಪರ್ ಫೈಬರ್ ಆದರೆ ತೊಂದರೆಯಿಲ್ಲ. ಫೈಬರ್ ಮಡ್‌ಗಾರ್ಡ್ ಹಗುರ, ಆದರೆ ಬಾಗಿಲಿನ ಕಡೆಯ ಅಂಚು ನೇರವಾಗಿರುವುದು ಅಪರೂಪ.

ಫೈಬರ್ ಬಾನೆಟ್ ಹಾಕಿದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಕೂಡ ಕಡಿಮೆ ಬಲದ್ದಕ್ಕೆ ಬದಲಿಸಿ. ತಗಡಿನ ಬಾನೆಟ್ಟಿಗೆಂದು ಮಾಡಿದ ಸ್ಟ್ರಟ್ ಹಗುರದ ಬಾನೆಟ್ಟನ್ನು ಹಿಂಜ್ ಬಳಿ ಬಾಗಿಸಿ, ಕೆಲವು ತಿಂಗಳಲ್ಲಿ ಬಿರುಕು ಬಿಡಿಸುತ್ತದೆ. ಮುಂದುಗಡೆ ಎರಡು ಬಾನೆಟ್ ಪಿನ್ ಹಾಕುವುದು ಕಡ್ಡಾಯವೆಂದೇ ತಿಳಿಯಿರಿ. ಲಾಕ್ ಕಿತ್ತುಬಂದರೆ ಬಾನೆಟ್ ಗಾಳಿಗೆ ಎದ್ದು ವಿಂಡ್‌ಸ್ಕ್ರೀನಿಗೆ ಬಡಿಯುತ್ತದೆ. ಬೋಲ್ಟ್‌ಗಳಿಗೆ ಅಗಲ ವಾಷರ್ ಬೇಕು, ದೀಪಗಳಿಗೆ ಪ್ರತ್ಯೇಕ ಅರ್ಥ್ ತಂತಿ ಬೇಕು.

ಫೈಬರಿನ ಮೇಲೆ ಬಣ್ಣ ನಿಲ್ಲದಿರಲು ಮುಖ್ಯ ಕಾರಣ, ಅಚ್ಚಿನಿಂದ ಸುಲಭವಾಗಿ ಬಿಡಿಸಲೆಂದು ಹಚ್ಚಿದ ಮೇಣ. ಮೊದಲು ಉಜ್ಜಿದರೆ ಅದು ಗೀರುಗಳೊಳಗೆ ಹೊಕ್ಕುತ್ತದೆ. ಸೋಪು ನೀರು, ಆಮೇಲೆ ಮೇಣ ತೆಗೆಯುವ ದ್ರಾವಣ, ಅದಾದ ಮೇಲೆ 320 ನಂಬರ್ ಎಮರಿ ಕಾಗದ, ಇದೇ ಕ್ರಮ. ಹೊಸ ಭಾಗವನ್ನು ಕೆಲವು ದಿನ ಬಿಸಿಲಿನಲ್ಲೋ ಬೆಚ್ಚನೆಯ ಕೋಣೆಯಲ್ಲೋ ಸರಿಯಾದ ಆಧಾರದ ಮೇಲಿಟ್ಟು ಹದವಾಗಲು ಬಿಡಿ. ಅವಸರ ಮಾಡಿದರೆ ನೇಯ್ಗೆಯ ಗೆರೆಗಳು ಬಣ್ಣದ ಮೇಲೆ ಮೂಡುತ್ತವೆ.

ಪ್ರಶ್ನೆ: ಹೀಗೆ ಬದಲಿಸಿದ ಕಾರನ್ನು ಹಳೆಯ ವರ್ಷದ್ದೆಂದು ನೋಂದಾಯಿಸಬಹುದೇ?

ಉತ್ತರ: ಬೇಡ. ಚಾಸಿ ನಂಬರ್ ಹೇಳುವ ವರ್ಷವೇ ಕಾರಿನ ವರ್ಷ; ನಂಬರಿನ ತಗಡನ್ನು ಮುಟ್ಟಲೂ ಬೇಡಿ. ಮಾಲಿನ್ಯದ ನಿಯಮ, ದೀಪಗಳ ನಿಯಮ ಸಾಮಾನ್ಯವಾಗಿ ತಯಾರಾದ ವರ್ಷವನ್ನೇ ಹಿಡಿದು ಅನ್ವಯಿಸುತ್ತವೆ. ಬದಲಾವಣೆಯನ್ನು ನೋಂದಣಿ ಕಚೇರಿಗೂ ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಕೆಲಸದ ಹಂತಹಂತದ ಫೋಟೋ ಇಟ್ಟುಕೊಳ್ಳಿ, ಒಪ್ಪಿದ ಮೌಲ್ಯದ (ಕಾರಿನ ಬೆಲೆಯನ್ನು ಕಂಪನಿಯೊಡನೆ ಮೊದಲೇ ಒಪ್ಪಿಕೊಂಡ) ವಿಮೆ ಮಾಡಿಸಿ. ತೆಗೆದ ಬಂಪರ್, ಮಡ್‌ಗಾರ್ಡ್, ಬಾನೆಟ್ ಯಾವುದನ್ನೂ ಮಾರಬೇಡಿ. ನಾಳೆ ಕೊಳ್ಳುವವರಿಗೆ ಮೂಲ ರೂಪ ಬೇಕಾಗಬಹುದು. ಆಗ ಆ ರಾಶಿಗೇ ಬೆಲೆ. ಬಣ್ಣವೂ ಕೆಡದ, ಯಾರೂ ಕೈ ಹಾಕದ ಕಾರು ಸಿಕ್ಕಿದ್ದರೆ ಅದನ್ನು ಕತ್ತರಿಸಬೇಡಿ. ಆಗಲೇ ಮೂತಿ ಜಜ್ಜಿ ರಿಪೇರಿಯಾದ, ಮಡ್‌ಗಾರ್ಡ್ ತುಕ್ಕು ತಿಂದ ಕಾರನ್ನು ಈ ಕೆಲಸಕ್ಕೆ ಹುಡುಕಿ.

ಪ್ರಶ್ನೆ: ದಪ್ಪ ಬಂಪರಿನ ಡಾಟ್ಸನ್ 280ಝಡ್ ಕಾರಿಗೆ ಹಳೆಯ 240ಝಡ್ ಮಾದರಿಯ ತೆಳು ಬಂಪರ್ ಕೂರುತ್ತದೆಯೇ?

ಉತ್ತರ: ಕೂರುತ್ತದೆ, ಹೊಸ ಬ್ರಾಕೆಟ್ ಮಾಡಿಸಿಕೊಂಡರೆ. ಇಂಡಿಕೇಟರ್ 240ರಲ್ಲಿ ಬಂಪರಿನ ಕೆಳಗೆ ವೇಲೆನ್ಸಿನಲ್ಲಿದೆ, 280ರಲ್ಲಿ ಬಂಪರಿನ ಮೇಲೆ ಗ್ರಿಲ್ ಪಕ್ಕದಲ್ಲಿ. ಆದ್ದರಿಂದ ವೇಲೆನ್ಸ್ ಮತ್ತು ದೀಪ ಎರಡನ್ನೂ 240ರದ್ದೇ ತನ್ನಿ, ದಪ್ಪ ಬಂಪರಿನ ಶಾಕ್ ಅಬ್ಸಾರ್ಬರ್‌ಗಳು ಹಾದುಹೋಗುತ್ತಿದ್ದ ತೂತುಗಳಿಗೆ ತಗಡು ಬೆಸೆದು ಮುಚ್ಚಿಸಿ.